ಮುಟ್ಟು ನಿಂತು 13 ವರ್ಷವಾದ ಮೇಲೆ ಹಾರ್ಮೋನ್ ಚಿಕಿತ್ಸೆ ಶುರು ಮಾಡಬಹುದಾ?

ನಿವೃತ್ತ ಟೀಚರ್, ಸಾಗರ

ಎಲ್ಲರಿಗೂ ನಮಸ್ಕಾರ. ನನಗೆ ಈಗ 61 ವರ್ಷ. ಮುಟ್ಟು ನಿಂತಿದ್ದು 48ಕ್ಕೆ. ಮೈ ಬಿಸಿಯಾಗುವುದು, ಬೆವರು ಕಿತ್ತು ಬರುವುದು ಆಗಲೇ ಶುರುವಾಗಿತ್ತು. ಶಾಲೆ, ಮನೆ, ಅತ್ತೆಯವರ ಕಾಯಿಲೆ ಅಂತ ಓಡಾಟದಲ್ಲಿ ಅದನ್ನು ಗಮನಿಸುವ ಪುರುಸೊತ್ತೇ ಇರಲಿಲ್ಲ. ತಾನಾಗಿಯೇ ಹೋಗುತ್ತದೆ ಎಂದರು. ಹೋಗಲಿಲ್ಲ. ಈಗಲೂ ರಾತ್ರಿ ಎದ್ದು ರವಿಕೆ ಬದಲಾಯಿಸಬೇಕಾಗುತ್ತದೆ.

ಇನ್ನೊಂದು ತೊಂದರೆ ಹೇಳಿಕೊಳ್ಳಲು ಸಂಕೋಚ, ಆದರೂ ಹೇಳುತ್ತೇನೆ. ಮೂತ್ರದ ಜಾಗದಲ್ಲಿ ಯಾವಾಗಲೂ ಒಣಗಿದ ಹಾಗೆ ಉರಿ. ಪದೇ ಪದೇ ಮೂತ್ರದ ಸೋಂಕು, ಪದೇ ಪದೇ ಆಂಟಿಬಯೋಟಿಕ್. ಬಸ್ಸಿನಲ್ಲಿ ದೂರ ಹೋಗುವುದನ್ನೇ ಬಿಟ್ಟಿದ್ದೇನೆ.

ಬೆಂಗಳೂರಿನಲ್ಲಿರುವ ತಂಗಿ 51ಕ್ಕೆ ಹಾರ್ಮೋನ್ ಚಿಕಿತ್ಸೆ ಶುರು ಮಾಡಿ ಆರಾಮಾಗಿದ್ದಾಳೆ. ನಾನು ಕೇಳಿದರೆ ಡಾಕ್ಟರ್ "ನಿಮಗೆ ವಯಸ್ಸಾಯಿತಲ್ಲಮ್ಮಾ, ಇನ್ನು ಅದೆಲ್ಲ ಯಾಕೆ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಬಿಪಿಗೆ ಮಾತ್ರೆ ತಗೊಳ್ತೇನೆ, ಶುಗರ್ ಇಲ್ಲ, ಗರ್ಭಕೋಶ ಇದೆ. ಅಮ್ಮನಿಗೆ ಸೊಂಟದ ಮೂಳೆ ಮುರಿದು ಕೊನೆಗೆ ಹಾಸಿಗೆ ಹಿಡಿದಿದ್ದರು, ಆ ಭಯವೂ ಇದೆ. ಬೇಡ ಅನ್ನುವುದಾದರೆ ಯಾಕೆ ಬೇಡ ಎಂದು ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಾಸನದಿಂದ

ಟೀಚರ್, ನನಗೂ 60 ದಾಟಿದೆ. ನಮ್ಮ ಅಜ್ಜಿ, ಅಮ್ಮ ಯಾರೂ ಮಾತ್ರೆ ನುಂಗಲಿಲ್ಲ. ಇದು ಕಾಯಿಲೆ ಅಲ್ಲ, ವಯಸ್ಸಿನ ಒಂದು ಹಂತ. ಯೋಗ, ವಾಕಿಂಗ್, ಎಳ್ಳು, ಸೋಯಾ, ರಾಗಿ ಸಾಕು. ಹಾರ್ಮೋನ್ ಅಂದರೆ ಕ್ಯಾನ್ಸರ್ ಅಂತ ಎಲ್ಲರಿಗೂ ಗೊತ್ತಿದೆ. ಸುಮ್ನೆ ಇಲ್ಲದ್ದನ್ನು ಮೈಮೇಲೆ ಹಾಕಿಕೊಳ್ಳಬೇಡಿ.

ತುಮಕೂರಿನ ಮಗಳು

ಅಕ್ಕಾ, ಯೋಗ ಒಳ್ಳೆಯದೇ. ಆದರೆ ಅಜ್ಜಿಯರಿಗೆ ತೊಂದರೆ ಇರಲಿಲ್ಲ ಎಂದು ಹೇಗೆ ಹೇಳುವುದು? ನನ್ನ ಅಮ್ಮ ಚಳಿಗಾಲದಲ್ಲೂ ಹಿತ್ತಲ ಬಾಗಿಲು ತೆಗೆದು ಕೂರುತ್ತಿದ್ದಳು. ಯಾರೂ ಯಾಕೆ ಎಂದು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಟೀಚರ್ ಕೇಳಿದ್ದಾರೆ. ಕೇಳಿದವರಿಗೆ "ಸಹಿಸಿಕೊಳ್ಳಿ" ಎನ್ನುವುದು ಉತ್ತರ ಅಲ್ಲ ಅಲ್ವಾ?

ಸ್ತ್ರೀರೋಗ ವೈದ್ಯೆ, ಮೈಸೂರು

ಟೀಚರ್, ನಿಮ್ಮನ್ನು ಪರೀಕ್ಷೆ ಮಾಡದೆ ಔಷಧಿ ಹೇಳುವುದಿಲ್ಲ. ಆದರೆ "ಯಾಕೆ" ಎಂದು ಕೇಳಿದ್ದೀರಿ, ಅದಕ್ಕೆ ಪೂರ್ತಿ ಉತ್ತರ ನಿಮಗೆ ಸಲ್ಲಬೇಕು.

ಭಯ ಶುರುವಾಗಿದ್ದು 2002ರ ಜುಲೈನಲ್ಲಿ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎನ್ನುವ ದೊಡ್ಡ ಅಧ್ಯಯನ ನಡೆಯುತ್ತಿತ್ತು. ಗರ್ಭಕೋಶ ಇದ್ದ 16,608 ಹೆಂಗಸರಲ್ಲಿ ಅರ್ಧ ಜನರಿಗೆ ಹಾರ್ಮೋನ್ ಮಾತ್ರೆ, ಉಳಿದವರಿಗೆ ಔಷಧಿ ಇಲ್ಲದ ಖಾಲಿ ಮಾತ್ರೆ. ಹಾರ್ಮೋನ್ ತಗೊಂಡವರಲ್ಲಿ ಸ್ತನ ಕ್ಯಾನ್ಸರ್, ಹೃದಯಾಘಾತ, ಲಕ್ವ, ರಕ್ತ ಹೆಪ್ಪುಗಟ್ಟುವುದು ಜಾಸ್ತಿ ಕಂಡಿದ್ದರಿಂದ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಎಷ್ಟು ಜಾಸ್ತಿ? 10,000 ಹೆಂಗಸರು ಒಂದು ವರ್ಷ ಮಾತ್ರೆ ತಗೊಂಡರೆ 8 ಸ್ತನ ಕ್ಯಾನ್ಸರ್, 7 ಹೃದಯದ ತೊಂದರೆ, 8 ಲಕ್ವ ಹೆಚ್ಚು. ಸೊಂಟದ ಮೂಳೆ ಮುರಿತ 5 ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆ. ಪತ್ರಿಕೆಗಳಲ್ಲಿ ಮೊದಲಿನ ಅರ್ಧ ಮಾತ್ರ ದೊಡ್ಡದಾಗಿ ಬಂತು.

ಅದರಲ್ಲಿದ್ದವರು ಯಾರು ಎನ್ನುವುದು ಮುಖ್ಯ. 50ರಿಂದ 79 ವಯಸ್ಸಿನವರು, ಸರಾಸರಿ 63. ಅಂದರೆ ನಿಮ್ಮ ತಂಗಿಯಂಥವರಿಗಿಂತ ನಿಮ್ಮಂಥವರೇ ಜಾಸ್ತಿ. ಆಮೇಲೆ ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ, ಮುಟ್ಟು ನಿಂತು 10 ವರ್ಷದ ಒಳಗಿದ್ದವರಲ್ಲಿ ಹೃದಯದ ಅಪಾಯ ಏರಿದ್ದು ಕಾಣಲಿಲ್ಲ. 20 ವರ್ಷ ದಾಟಿದವರಲ್ಲಿ ಏರಿತ್ತು. 2016ರಲ್ಲಿ ಪ್ರಕಟವಾದ ಎಲೈಟ್ ಎನ್ನುವ ಅಧ್ಯಯನದಲ್ಲೂ ಇದೇ ವ್ಯತ್ಯಾಸ. ಮುಟ್ಟು ನಿಂತು 6 ವರ್ಷದ ಒಳಗೆ ಈಸ್ಟ್ರೋಜನ್ (ಮುಟ್ಟು ನಿಂತಾಗ ಕಡಿಮೆಯಾಗುವ ಹೆಣ್ಣು ಹಾರ್ಮೋನ್) ಶುರು ಮಾಡಿದವರಲ್ಲಿ ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವ ವೇಗ ತಗ್ಗಿತು. 10 ವರ್ಷ ಕಳೆದು ಶುರು ಮಾಡಿದವರಲ್ಲಿ ತಗ್ಗಲಿಲ್ಲ.

ಕಾರಣ ಹೀಗೆ. ವಯಸ್ಸಾದಂತೆ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡಿರುತ್ತದೆ. ನಾಳ ಚೆನ್ನಾಗಿದ್ದಾಗ ಈಸ್ಟ್ರೋಜನ್ ಅದಕ್ಕೆ ಸಹಾಯ ಮಾಡುತ್ತದೆ. ಕೊಬ್ಬು ಕಟ್ಟಿದ ನಾಳದಲ್ಲಿ ಆ ಪದರ ಒಡೆದು ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಅದಕ್ಕೇ ಇವತ್ತಿನ ಮಾರ್ಗಸೂಚಿಗಳು ಹೇಳುವುದು: 60 ವರ್ಷದ ಒಳಗೆ ಅಥವಾ ಮುಟ್ಟು ನಿಂತು 10 ವರ್ಷದ ಒಳಗೆ ಶುರು ಮಾಡಿದರೆ, ತೊಂದರೆ ಇರುವವರಿಗೆ ಲಾಭವೇ ಜಾಸ್ತಿ. ಅದು ದಾಟಿದರೆ ಲೆಕ್ಕ ಬಿಗಿಯಾಗುತ್ತದೆ. ಬಿಗಿಯಾಗುತ್ತದೆ ಎಂದರೆ ಬಾಗಿಲು ಮುಚ್ಚಿತು ಎಂದಲ್ಲ. ಒಬ್ಬೊಬ್ಬರ ಹೃದಯ, ಬಿಪಿ, ಸ್ತನ, ಮೂಳೆ ನೋಡಿ ತೀರ್ಮಾನ ಮಾಡಬೇಕು.

ನಮ್ಮ ಹೆಂಗಸರಿಗೆ ಇಲ್ಲಿ ಒಂದು ಅನ್ಯಾಯ ಆಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವುದು ಸರಾಸರಿ 51ಕ್ಕೆ. ನಮ್ಮಲ್ಲಿ ಸುಮಾರು 46-47ಕ್ಕೆ. ಹಾಗಾಗಿ ನಮ್ಮ 10 ವರ್ಷ 57ಕ್ಕೇ ಮುಗಿದಿರುತ್ತದೆ. ಆ ಸಮಯ ಪೂರ್ತಿ "ತಾನಾಗಿ ಹೋಗುತ್ತೆ" ಎಂದು ಕೇಳಿಸಿಕೊಂಡು, ಹೋಗದಿದ್ದಾಗ ಬಂದರೆ "ತಡವಾಯಿತು" ಎಂದು ಕೇಳಿಸಿಕೊಳ್ಳುತ್ತಾರೆ.

ಈಗ ನಿಮ್ಮ ವಿಷಯ. ನಿಮ್ಮದು ಒಂದು ತೊಂದರೆ ಅಲ್ಲ, ಮೂರು. ಉರಿ ಮತ್ತು ಸೋಂಕು, ರಾತ್ರಿ ಬೆವರು, ಮೂಳೆಯ ಭಯ. ಮೂರಕ್ಕೂ ಒಂದೇ ಮಾತ್ರೆ ಬೇಕಿಲ್ಲ. ಮೊದಲನೆಯದಕ್ಕೆ ಈ 10 ವರ್ಷದ ಲೆಕ್ಕವೇ ಅನ್ವಯಿಸುವುದಿಲ್ಲ. ಯೋನಿಯ ಒಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಇದೆ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. 60, 70, 80ರಲ್ಲೂ ಶುರು ಮಾಡಬಹುದು. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಪದೇ ಪದೇ ಬರುವ ಮೂತ್ರದ ಸೋಂಕನ್ನೂ ಅದು ಕಡಿಮೆ ಮಾಡುತ್ತದೆ. ಇಷ್ಟು ದಿನ ನಿಮಗೆ ಅದನ್ನು ಯಾರೂ ಕೊಡದಿದ್ದುದು ನನಗೆ ಬೇಸರ ತಂದಿದೆ.

ಕೊನೆಗೊಂದು ಪ್ರಶ್ನೆ. ನಿಮ್ಮ ಬಿಪಿ ಮಾತ್ರೆ ಯಾವುದು?

ನಿವೃತ್ತ ಟೀಚರ್, ಸಾಗರ

ಡಾಕ್ಟ್ರೇ, ಎರಡು ಸಲ ಓದಿದೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಾತ್ರೆ ಅಮ್ಲೋಡಿಪಿನ್. ಮೂರು ವರ್ಷದ ಹಿಂದೆ ಪ್ರಮಾಣ ಜಾಸ್ತಿ ಮಾಡಿದರು.

ಸ್ತ್ರೀರೋಗ ವೈದ್ಯೆ, ಮೈಸೂರು

ಅದಕ್ಕೇ ಕೇಳಿದ್ದು. ಅಮ್ಲೋಡಿಪಿನ್ ಕೆಲವರಲ್ಲಿ ಮುಖ, ಮೈ ಬಿಸಿ ಮಾಡುತ್ತದೆ, ಕಾಲು ಊದಿಸುತ್ತದೆ. ನಿಮ್ಮ ಬೆವರೆಲ್ಲ ಅದರಿಂದಲೇ ಎನ್ನುತ್ತಿಲ್ಲ. ಆದರೆ 60ರ ಮೇಲೆ ಬೆವರು ಜಾಸ್ತಿ ಎಂದು ಬಂದವರಿಗೆಲ್ಲ ಥೈರಾಯ್ಡ್, ಶುಗರ್, ತಗೊಳ್ಳುತ್ತಿರುವ ಮಾತ್ರೆಗಳು ಇಷ್ಟನ್ನು ನೋಡಲೇಬೇಕು. ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ಕ್ಷಯವನ್ನೂ ನೆನಪಿಡಬೇಕು. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬರೆದವರನ್ನೇ ಕೇಳಿ, ಬೇರೆ ಬಗೆಯ ಮಾತ್ರೆಗಳಿವೆ.

ಹಾಸನದಿಂದ

ಡಾಕ್ಟರ್, ಓದಿದೆ. ಆದರೆ ಅದೇ ಕ್ರೀಮಿನ ಪೆಟ್ಟಿಗೆಯಲ್ಲಿ ಇರುವ ಕಾಗದ ನೋಡಿದ್ದೀರಾ? ನನ್ನ ನಾದಿನಿಗೆ ಬರೆದುಕೊಟ್ಟಿದ್ದರು. ಕ್ಯಾನ್ಸರ್, ಲಕ್ವ ಎಂದೆಲ್ಲ ಅದರಲ್ಲೇ ಇದೆ. ಅವಳು ಹೆದರಿ ಎಸೆದಳು. ಅದಕ್ಕೇನು ಹೇಳುತ್ತೀರಿ?

ಸ್ತ್ರೀರೋಗ ವೈದ್ಯೆ, ಮೈಸೂರು

ಒಳ್ಳೆಯ ಪ್ರಶ್ನೆ. ಮಾತ್ರೆಗಳ ಅಧ್ಯಯನದಲ್ಲಿ ಕಂಡ ಅಪಾಯಗಳನ್ನೇ ಕ್ರೀಮಿನ ಮೇಲೂ ಅಚ್ಚು ಹಾಕುವ ಪದ್ಧತಿ ಬಂದುಬಿಟ್ಟಿತ್ತು. ಕಡಿಮೆ ಪ್ರಮಾಣದ ಕ್ರೀಮ್ ಹಚ್ಚಿದವರಲ್ಲಿ ಆ ಅಪಾಯ ಕಂಡಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರ್‌ನಲ್ಲಿ ಹಾರ್ಮೋನ್ ಚಿಕಿತ್ಸೆಯ ಮೇಲಿದ್ದ ಕಪ್ಪು ಚೌಕದೊಳಗೆ ಅಚ್ಚು ಹಾಕುವ ಆ ಗಂಭೀರ ಎಚ್ಚರಿಕೆಗಳನ್ನು ತೆಗೆಯುವುದಾಗಿ ಹೇಳಿತು. ಆದರೆ ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ಮೈಗೆಲ್ಲ ಸೇರುವ ಹಾಗೆ ತಗೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರಬಹುದು ಎನ್ನುವ ಎಚ್ಚರಿಕೆ ಉಳಿದಿದೆ. ಅದು ಇರಬೇಕಾದದ್ದೇ. ಗರ್ಭಕೋಶ ಇದ್ದವರಿಗೆ ಆ ಪದರವನ್ನು ಕಾಯುವ ಪ್ರೊಜೆಸ್ಟರಾನ್ ಎನ್ನುವ ಇನ್ನೊಂದು ಹಾರ್ಮೋನ್ ಜೊತೆಗೆ ಬೇಕೇ ಬೇಕು. ವಾರಕ್ಕೆರಡು ಸಲ ಹಚ್ಚುವ ಕ್ರೀಮಿಗೆ ಬೇಡ.

ನಿಮ್ಮ ನಾದಿನಿಗೆ ಸ್ತನ ಕ್ಯಾನ್ಸರ್ ಆಗಿರದಿದ್ದರೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇಲ್ಲದಿದ್ದರೆ, ಮತ್ತೊಮ್ಮೆ ಡಾಕ್ಟರ್ ಹತ್ತಿರ ಹೋಗಲಿ. ನೀವು ಹೇಳಿದ ರಾಗಿ, ಎಳ್ಳು, ನಡಿಗೆ ನನಗೂ ಇಷ್ಟ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದು ಮೂಳೆಗೆ. ಒಣಗಿದ ಯೋನಿಗೆ ಅದರಿಂದ ಏನೂ ಆಗುವುದಿಲ್ಲ.

ರೆಡಿಂಗ್, ಇಂಗ್ಲೆಂಡ್

ನಾನು ಧಾರವಾಡದವಳು, ಇಲ್ಲಿ 20 ವರ್ಷದಿಂದ ಇದ್ದೀನಿ. ಇಲ್ಲಿ 50 ದಾಟಿ, ಒಂದು ವರ್ಷ ಮುಟ್ಟಾಗದೆ ಇದ್ದವರು 10 ಮೈಕ್ರೋಗ್ರಾಂ ಈಸ್ಟ್ರೋಜನ್ ಇರುವ, ಯೋನಿಯೊಳಗೆ ಇಡುವ ಮಾತ್ರೆಯನ್ನು ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲೇ ತಗೋಬಹುದು. 2022ರ ಸೆಪ್ಟೆಂಬರ್‌ನಿಂದ ಹೀಗಿದೆ. ಅಂಗಡಿಯವರು ಕೆಲವು ಪ್ರಶ್ನೆ ಕೇಳಿ ಕೊಡುತ್ತಾರೆ.

ನಾನು 57ಕ್ಕೆ ಶುರು ಮಾಡಿದೆ. ಮುಟ್ಟು ನಿಂತು ಆಗ 7 ವರ್ಷ. ಹೊಟ್ಟೆಯ ಕೆಳಗೆ ಅಂಟಿಸುವ ಪ್ಯಾಚ್, ರಾತ್ರಿ ಪ್ರೊಜೆಸ್ಟರಾನ್ ಗುಳಿಗೆ. ನನ್ನ ಡಾಕ್ಟರ್ ಪ್ಯಾಚೇ ಯಾಕೆ ಎಂದು ಹೇಳಿದರು. ಬಾಯಿಂದ ತಗೊಂಡ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗುತ್ತದಂತೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳು ಜಾಸ್ತಿಯಾಗುತ್ತವಂತೆ. ಚರ್ಮದ ಮೂಲಕ ಹೋದರೆ ಆ ತೊಂದರೆ ಇಲ್ಲ. ಸಸ್ಯಾಹಾರಿಗಳಿಗೆ ಇನ್ನೊಂದು ವಿಷಯ: ಹಳೇ ಬಗೆಯ ಮಾತ್ರೆ, 1942ರಿಂದ ಅಮೆರಿಕದಲ್ಲಿ ಮಾರಾಟದಲ್ಲಿರುವ ಪ್ರೆಮರಿನ್, ಗಬ್ಬದ ಕುದುರೆಯ ಮೂತ್ರದಿಂದ ಮಾಡಿದ್ದು. ಈಗಿನ ಪ್ಯಾಚ್, ಜೆಲ್‌ನಲ್ಲಿರುವ ಎಸ್ಟ್ರಡಯಾಲ್ ಎನ್ನುವ ಈಸ್ಟ್ರೋಜನ್ ಗಿಡದ ಮೂಲದ್ದು. ನಮ್ಮ ಅತ್ತೆಯವರಿಗೆ ಇದು ಗೊತ್ತಾದ ಮೇಲೇ ಸಮಾಧಾನ ಆಗಿದ್ದು.

ಬೆಂಗಳೂರು, ಮಗ

ನಮಸ್ಕಾರ, ಗಂಡಸು ಮಾತಾಡಬಹುದು ಎಂದುಕೊಂಡಿದ್ದೇನೆ. ಅಮ್ಮನಿಗೆ 68. ಸ್ವಲ್ಪ ಮರೆವು ಶುರುವಾಗಿದೆ. ಯೂಟ್ಯೂಬ್‌ನಲ್ಲಿ ಹಾರ್ಮೋನ್ ಕೊಟ್ಟರೆ ಮೆದುಳಿಗೆ, ಹೃದಯಕ್ಕೆ ರಕ್ಷಣೆ ಎಂದು ನೋಡಿದೆ. ಮೈ ಬಿಸಿ, ಬೆವರು ಏನೂ ಇಲ್ಲ. ಶುರು ಮಾಡಿಸಬಹುದಾ?

ಸ್ತ್ರೀರೋಗ ವೈದ್ಯೆ, ಮೈಸೂರು

ಬೇಡ. ಇದಕ್ಕೆ ನನ್ನ ಉತ್ತರ ನೇರವಾಗಿದೆ. ಅದೇ ದೊಡ್ಡ ಅಧ್ಯಯನದ ಇನ್ನೊಂದು ಭಾಗದಲ್ಲಿ 65 ದಾಟಿದವರಿಗೆ ಎರಡು ಹಾರ್ಮೋನ್ ಸೇರಿದ ಮಾತ್ರೆ ಕೊಟ್ಟಾಗ ಮರೆವಿನ ಕಾಯಿಲೆ ಸುಮಾರು ಎರಡು ಪಟ್ಟಾಯಿತು. 2003ರಲ್ಲಿ ಅದು ಪ್ರಕಟವಾಯಿತು. ಹೃದಯದ ಕಾಯಿಲೆ ಮೊದಲೇ ಇದ್ದವರ ಮೇಲೆ ನಡೆದ ಹರ್ಸ್ ಎನ್ನುವ ಅಧ್ಯಯನ 1998ರಲ್ಲಿ ಬಂತು. ಅಲ್ಲೂ ಲಾಭ ಸಿಗಲಿಲ್ಲ, ಮೊದಲ ವರ್ಷ ತೊಂದರೆಯೇ ಜಾಸ್ತಿಯಾಯಿತು. ಹಾರ್ಮೋನ್ ಕೊಡುವುದು ಕಾಡುತ್ತಿರುವ ತೊಂದರೆಗೆ. 68ರಲ್ಲಿ ಹೃದಯ, ಮೆದುಳು ಕಾಯಲಿ ಎಂದು ಕೊಡುವುದಲ್ಲ. ಅಮ್ಮನ ಬಿ12, ಥೈರಾಯ್ಡ್, ಕಿವಿ ಕೇಳಿಸುವುದು, ನಿದ್ದೆ ಇಷ್ಟನ್ನು ಮೊದಲು ನೋಡಿಸಿ. ನರರೋಗ ತಜ್ಞರನ್ನು ಕಾಣಿ. ಅಮ್ಮನ ಬಗ್ಗೆ ಕೇಳಿದ್ದಕ್ಕೆ ಸಂತೋಷ.

ಉಡುಪಿಯಿಂದ

ನನಗೆ 2019ರಲ್ಲಿ ಸ್ತನ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಅದು ಮತ್ತೆ ಬರದಿರಲಿ ಎಂದು ಕೊಡುವ ಟಮಾಕ್ಸಿಫೆನ್ ಮಾತ್ರೆ ತಗೊಳ್ತಿದ್ದಾಗ ಮೈ ಬೆಂಕಿ. ನನಗಂತೂ ಹಾರ್ಮೋನ್ ಕೊಡುವ ಹಾಗಿಲ್ಲ. ನನ್ನಂಥವರಿಗೆ ಇದನ್ನು ಹೇಳಬೇಕು ಅನಿಸಿತು: ಹಾರ್ಮೋನ್ ಅಲ್ಲದ ಮಾತ್ರೆಗಳೂ ಇವೆ. ನನಗೆ ವೆನ್ಲಾಫ್ಯಾಕ್ಸಿನ್ ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಮೊದಲು ಬೇರೆ ಕಡೆ ಪರಾಕ್ಸೆಟಿನ್ ಬರೆದಿದ್ದರು. ಕ್ಯಾನ್ಸರ್ ಡಾಕ್ಟರ್ ನೋಡಿ ತಕ್ಷಣ ಬದಲಾಯಿಸಿದರು. ಪರಾಕ್ಸೆಟಿನ್ ಇದ್ದರೆ ಟಮಾಕ್ಸಿಫೆನ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಟಮಾಕ್ಸಿಫೆನ್ ತಗೊಳ್ಳುವವರು ಯಾವ ಹೊಸ ಮಾತ್ರೆ ಬಂದರೂ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ, ದಯವಿಟ್ಟು.

ತುಮಕೂರಿನ ಮಗಳು

ನಿಮ್ಮ ಮಾತು ತುಂಬಾ ಉಪಯೋಗ ಆಯಿತು ಅಕ್ಕಾ. ಡಾಕ್ಟರ್, ಕ್ಯಾನ್ಸರ್ ಆಗದೇ ಇರುವವರ ಭಯಕ್ಕೂ ಒಂದು ಅಂಕಿ ಹೇಳಿ. ಎಲ್ಲರೂ ಅಲ್ಲೇ ನಿಲ್ಲುತ್ತಾರೆ.

ಸ್ತ್ರೀರೋಗ ವೈದ್ಯೆ, ಮೈಸೂರು

2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಲೆಕ್ಕ ಹೇಳುತ್ತೇನೆ, ಪಾಶ್ಚಾತ್ಯ ದೇಶಗಳ ಹೆಂಗಸರದ್ದು. 50ಕ್ಕೆ ಶುರು ಮಾಡಿ 5 ವರ್ಷ ಎರಡೂ ಹಾರ್ಮೋನ್ ದಿನಾ ತಗೊಂಡರೆ, 50ರಿಂದ 69ರ ನಡುವಿನ 20 ವರ್ಷದಲ್ಲಿ 50 ಜನಕ್ಕೆ ಒಬ್ಬರಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್. ಈಸ್ಟ್ರೋಜನ್ ಒಂದನ್ನೇ ತಗೊಂಡವರಲ್ಲಿ 200ಕ್ಕೆ ಒಬ್ಬರು. ಅಪಾಯ ಇದೆ. ಅದನ್ನು ಇಲ್ಲ ಎನ್ನಬಾರದು, ಬೆಟ್ಟ ಮಾಡಲೂ ಬಾರದು. ರಾತ್ರಿಯಿಡೀ ನಿದ್ದೆ ಇಲ್ಲದೆ ಕೆಲಸ, ಮನಸ್ಸು ಎರಡೂ ಹಾಳಾದವಳು ಈ ಅಂಕಿ ನೋಡಿ ಒಂದು ತೀರ್ಮಾನಕ್ಕೆ ಬರಬಹುದು. ತೊಂದರೆ ಹಗುರವಾಗಿರುವವಳು ಇನ್ನೊಂದಕ್ಕೆ ಬರಬಹುದು. ಇಬ್ಬರ ತೀರ್ಮಾನವೂ ಸರಿ.

ನಿವೃತ್ತ ಟೀಚರ್, ಸಾಗರ

ಶಿವಮೊಗ್ಗದಲ್ಲಿ ಬೇರೆ ಡಾಕ್ಟರನ್ನು ನೋಡಿ ಬಂದೆ. ಇಲ್ಲಿ ಬಂದ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ತಾಳ್ಮೆಯಿಂದ ಓದಿದರು. ಬಿಪಿ ಮಾತ್ರೆ ಬದಲಾಯಿಸಲು ಫಿಜಿಷಿಯನ್‌ಗೆ ಚೀಟಿ ಕೊಟ್ಟರು. ಮ್ಯಾಮೋಗ್ರಾಂ ಚೆನ್ನಾಗಿದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಪದರ ತೆಳುವಾಗಿದೆ. ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಸೊಂಟದಲ್ಲಿ ಮೈನಸ್ 2.7 ಬಂತು. ಮೈನಸ್ 2.5ಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥವಂತೆ. ಅಮ್ಮನ ಭಯ ಸುಳ್ಳಾಗಲಿಲ್ಲ.

ಅದಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಕಾಫಿಯನ್ನೂ ಕುಡಿಯಬಾರದು. ಕ್ರೀಮ್ ಶುರು ಮಾಡಿದ್ದೇನೆ. ಉರಿ ಎಷ್ಟೋ ಕಡಿಮೆಯಾಗಿದೆ. ಮೊನ್ನೆ ಸಾಗರದಿಂದ ಶಿರಸಿಗೆ ಮದುವೆಗೆ ಬಸ್ಸಿನಲ್ಲಿ ಹೋಗಿ ಬಂದೆ. ಹೇಳಿಕೊಳ್ಳಲು ಸಣ್ಣ ವಿಷಯ, ನನಗೆ ಸಣ್ಣದಲ್ಲ.

ಬೆವರು ಸ್ವಲ್ಪ ತಗ್ಗಿದೆ, ಹೋಗಿಲ್ಲ. ಮೈಗೆ ಹಚ್ಚುವ ಜೆಲ್ ಕಡಿಮೆ ಪ್ರಮಾಣದಲ್ಲಿ ಕೊಡಬಹುದಾ ಎಂದು ಕೇಳಿದೆ. ಬಿಪಿ ಹಿಡಿತಕ್ಕೆ ಬರಲಿ, ಕೊಲೆಸ್ಟ್ರಾಲ್, ಇಸಿಜಿ ನೋಡಿ ಮುಂದಿನ ಸಲ ಕೂತು ಮಾತಾಡೋಣ ಎಂದರು. "ಬೇಡ" ಎನ್ನಲಿಲ್ಲ, "ಆಗಲಿ" ಎನ್ನಲೂ ಇಲ್ಲ. ಆ ಉತ್ತರ ನನಗೆ ಸಾಕು. ಬೆವರಿಗೆ ಗಾಬಾಪೆಂಟಿನ್ ಎನ್ನುವ, ಹಾರ್ಮೋನ್ ಅಲ್ಲದ ರಾತ್ರಿ ಮಾತ್ರೆಯ ಮಾತೂ ಬಂತು.

ಸ್ತ್ರೀರೋಗ ವೈದ್ಯೆ, ಮೈಸೂರು

ಒಳ್ಳೆಯ ಕೈಗೆ ಸೇರಿದ್ದೀರಿ. ಗಾಬಾಪೆಂಟಿನ್‌ನಿಂದ ತಲೆಸುತ್ತು ಬರಬಹುದು. ನಿಮ್ಮ ಮೂಳೆ ಈ ಸ್ಥಿತಿಯಲ್ಲಿರುವಾಗ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬೀಳುವ ಅಪಾಯ ನೆನಪಿರಲಿ. ಅದನ್ನು ಅವರ ಹತ್ತಿರ ಹೇಳಿ. ಇನ್ನೊಂದು ಮಾತು ಎಲ್ಲರಿಗೂ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. ಹಾರ್ಮೋನ್ ಶುರು ಮಾಡಿದ ಮೊದಲ ಕೆಲವು ತಿಂಗಳು ಅಲ್ಲಲ್ಲಿ ಕಲೆ ಕಾಣಬಹುದು, ಆಗಲೂ ಡಾಕ್ಟರಿಗೆ ಹೇಳಿ. ಆರು ತಿಂಗಳ ಮೇಲೂ ನಿಲ್ಲದಿದ್ದರೆ ಸ್ಕ್ಯಾನಿಂಗ್ ಬೇಕು.

ಕಲಬುರಗಿ ಕಡೆಯವಳು

ಎಲ್ಲಾ ಓದಿದೆ ರೀ. ನನಗೂ 13 ವರ್ಷಾನೇ, ಆದರೆ ನನ್ನ ವಯಸ್ಸು 44. ಬಿಳಿ ಮುಟ್ಟು ಜಾಸ್ತಿ ಅಂತ ಹೋದಾಗ 31ಕ್ಕೇ ಗರ್ಭಚೀಲ ತೆಗೆದರು. ಬಿಟ್ಟರೆ ಕ್ಯಾನ್ಸರ್ ಆಗ್ತದೆ ಎಂದು ಹೆದರಿಸಿದರು. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ನನ್ನಂಥವರು ಬಹಳ ಜನ ಇದ್ದಾರೆ, ಇದರ ವಿರುದ್ಧ ಹೋರಾಟನೂ ನಡೆದಿದೆ. ಆಪರೇಷನ್ ಆದ ವರ್ಷದಿಂದಲೇ ಮೈ ಉರಿ, ಕೀಲು ನೋವು, ಸಿಟ್ಟು. ಗಂಡ, ಮಕ್ಕಳು ಎಲ್ಲರಿಗೂ ನಾನು ಸಿಡುಕಿ. ನಾನೂ ಈಗ ತಡ ಆದವಳೇನು?

ಸ್ತ್ರೀರೋಗ ವೈದ್ಯೆ, ಮೈಸೂರು

ತಂಗೀ, ನೀವು ತಡವಾದವರಲ್ಲ. ಟೀಚರಿಗೂ ನಿಮಗೂ ವರ್ಷ ಒಂದೇ ಇದ್ದರೂ ಲೆಕ್ಕ ಬೇರೆ. ಅವರ ಅಂಡಾಶಯ ಸಹಜವಾಗಿ ನಿಂತಿದ್ದು. ನಿಮ್ಮದನ್ನೂ ಗರ್ಭಚೀಲದ ಜೊತೆ ತೆಗೆದಿದ್ದರೆ, 50ರವರೆಗೆ ಸಿಗಬೇಕಾದ ಹಾರ್ಮೋನ್ ನಿಮಗೆ 31ಕ್ಕೇ ನಿಂತಿದೆ. 45ರ ಮೊದಲು ಹೀಗಾದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನ್ ಕೊಡಬೇಕು ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಇಲ್ಲದಿದ್ದರೆ ಮೂಳೆ, ಹೃದಯ ಎರಡೂ ಬೇಗ ಸೋಲುತ್ತವೆ. 63ರ ಸರಾಸರಿ ವಯಸ್ಸಿನವರಲ್ಲಿ ಕಂಡ ಅಂಕಿಗಳನ್ನು ನಿಮಗೆ ಹೊಂದಿಸಲು ಬರುವುದಿಲ್ಲ. ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಆದರೂ ಇಷ್ಟು ವರ್ಷ ಹಾರ್ಮೋನ್ ಇಲ್ಲದೆ ಕಳೆದಿರುವುದರಿಂದ ಬಿಪಿ, ಕೊಲೆಸ್ಟ್ರಾಲ್, ಸ್ತನ, ಮೂಳೆ ನೋಡಿಯೇ ಶುರು ಮಾಡಬೇಕು.

ಅಂಡಾಶಯ ತೆಗೆದಿದ್ದಾರಾ, ಬಿಟ್ಟಿದ್ದಾರಾ ನಿಮಗೆ ಗೊತ್ತಾ? ಡಿಸ್ಚಾರ್ಜ್ ಕಾಗದದಲ್ಲಿ ಇರುತ್ತದೆ.

ಕಲಬುರಗಿ ಕಡೆಯವಳು

ಕಾಗದ ಕೊಟ್ಟೇ ಇಲ್ಲ ಮೇಡಂ. ಏನೇನು ತೆಗೆದರು ಅಂತ ಯಾರೂ ಹೇಳಲಿಲ್ಲ.

ನಿವೃತ್ತ ಟೀಚರ್, ಸಾಗರ

ಇದನ್ನು ಓದಿ ಹೊಟ್ಟೆ ಉರಿಯಿತು ತಂಗೀ. ನನ್ನ ಮಗಳ ವಯಸ್ಸಿನವಳು ನೀವು. ಜಿಲ್ಲಾಸ್ಪತ್ರೆಗೆ ಒಬ್ಬಳೇ ಹೋಗಬೇಡಿ, ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಕೇಳಬೇಕಾದ್ದನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಬೇಕಿದ್ದರೆ ನಾನು ಬರೆದುಕೊಡುತ್ತೇನೆ.

ಸ್ತ್ರೀರೋಗ ವೈದ್ಯೆ, ಮೈಸೂರು

ಕಾಗದ ಇಲ್ಲದಿದ್ದರೂ ದಾರಿ ಇದೆ. ಆಸ್ಪತ್ರೆಗೆ ಲಿಖಿತವಾಗಿ ಅರ್ಜಿ ಕೊಟ್ಟು ದಾಖಲೆ ಕೇಳಿ. ಸಿಗುವವರೆಗೆ ಕಾಯಬೇಕಿಲ್ಲ. ಎಫ್‌ಎಸ್‌ಎಚ್ (ಅಂಡಾಶಯಕ್ಕೆ ಕೆಲಸ ಮಾಡು ಎಂದು ಮೆದುಳಿನಿಂದ ಬರುವ ಹಾರ್ಮೋನ್) ಮತ್ತು ಎಸ್ಟ್ರಡಯಾಲ್ ಎಂಬ ಎರಡು ರಕ್ತ ಪರೀಕ್ಷೆ, ಜೊತೆಗೆ ಕೆಳಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಎಫ್‌ಎಸ್‌ಎಚ್ ತುಂಬಾ ಜಾಸ್ತಿ, ಎಸ್ಟ್ರಡಯಾಲ್ ತುಂಬಾ ಕಡಿಮೆ ಇದ್ದರೆ, ಅಂಡಾಶಯ ಒಳಗಿದ್ದರೂ ಇಲ್ಲದಿದ್ದರೂ ಅದು ಕೆಲಸ ಮಾಡುತ್ತಿಲ್ಲ ಎಂದು ಗೊತ್ತಾಗುತ್ತದೆ. ಅಂಡಾಶಯ ಬಿಟ್ಟಿದ್ದರೂ ಗರ್ಭಕೋಶ ತೆಗೆದವರಲ್ಲಿ ಅದು ಕೆಲವು ವರ್ಷ ಮೊದಲೇ ಸೋಲುವುದುಂಟು. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ರಿಪೋರ್ಟ್ ಬಂದ ಮೇಲೆ ಹೆಸರು, ನಂಬರ್ ಮುಚ್ಚಿ ಅಂಕಿಗಳನ್ನು ಮಾತ್ರ ಇಲ್ಲಿ ಹಾಕಿ, ಡಾಕ್ಟರ್ ಹತ್ತಿರ ಏನು ಕೇಳಬೇಕು ಎಂದು ಹೇಳುತ್ತೇನೆ.

ಕಲಬುರಗಿ ಕಡೆಯವಳು

ಆಯ್ತು ಮೇಡಂ. ಸೋಮವಾರ ನಾದಿನಿ ಜೊತೆ ಹೋಗ್ತೀನಿ. ಅವಳಿಗೂ 29ಕ್ಕೆ ತೆಗೆದಿದ್ದಾರೆ, ಅವಳದೂ ಮಾಡಿಸ್ತೀನಿ. ಟೀಚರ್, ಆ ಹಾಳೆ ಬರೆದುಕೊಡಿ.